ವರ್ಲ್ ನೆಟ್ಟ ಕಡ್ಡಿಗಳು

ನನ್ನ ಗಂಡ ವರ್ಲ್ ಹ್ಯಾಡ್ಲಕ್ ಹುಟ್ಟಿದ ಮನೆ ಮರ್ಡೊ ಜಲಾಶಯದ ನೀರಿನ ಕೆಳಗಿದೆ. ಅವನು ಸತ್ತದ್ದೂ ಅಲ್ಲೇ. ನಡುವೆ ಹೇಗೆ ಬದುಕಿದ ಎಂಬುದನ್ನು ಮಣ್ಣು ಮಾಡುವ ದಿನ ಬಿಷಪ್ಪರು ಓದಿದರು. ನಮ್ಮ ಚರ್ಚಿನಲ್ಲಿ ಅದು ವಾಡಿಕೆ. ಹುಟ್ಟು, ದೀಕ್ಷೆ, ಮದುವೆ, ಸೇವೆ ಎಲ್ಲ ಹೇಳಿದರು. ಒಂದೂ ತಪ್ಪಿರಲಿಲ್ಲ. ಆದರೆ ಪೆಟ್ಟಿಗೆಯೊಳಗಿದ್ದ ಮನುಷ್ಯ ಅದರಲ್ಲಿ ಇರಲಿಲ್ಲ. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಅವನಿಗೆ ಆರೋ ಏಳೋ ವರ್ಷ ಇದ್ದಾಗ ಕಣಿವೆಯ ಕಾಲುವೆ ಸಂಘದವರು ಬೆಟ್ಟದ ಮೇಲಿನ ಹುಲ್ಲುಗಾವಲನ್ನು ಕೊಂಡುಕೊಂಡು ಕಟ್ಟೆ ಕಟ್ಟಿದರು. ಹ್ಯಾಡ್ಲಕ್‌ರ ಮನೆ ಆ ಹುಲ್ಲುಗಾವಲಿನಲ್ಲೇ ಇತ್ತು. ಮರದ ಮನೆ. ನೀರು ಏರುವ ಮೊದಲು ವರ್ಲ್‌ನ ಅಪ್ಪ ತನ್ನ ಕೈಯಾರೆ ಅದಕ್ಕೆ ಬೆಂಕಿ ಇಟ್ಟ. ತೊಲೆಗಳು ತೇಲಿ ಬಂದು ತೂಬಿಗೆ ಸಿಕ್ಕಿಕೊಳ್ಳಬಾರದು ಎಂದು ಸಂಘದವರು ಹೇಳಿದ್ದರು. ಉಳಿದದ್ದು ಒಲೆಯ ಕಲ್ಲುಗೂಡು ಮಾತ್ರ. ಹಿಮ ಕಮ್ಮಿ ಬಿದ್ದ ವರ್ಷ ಬೇಸಿಗೆಯ ಕೊನೆಗೆ ಅದು ನೀರಿನಿಂದ ತಲೆ ಎತ್ತುತ್ತದೆ. ಅದರ ಮೇಲೆ ಬಾತುಕೋಳಿಗಳು ಕೂತಿರುತ್ತವೆ.

ವರ್ಲ್ ಅದರ ಬಗ್ಗೆ ಕೊರಗಿದ್ದನ್ನು ನಾನು ನೋಡಿಲ್ಲ. ಆದರೆ ಮರ್ಡೊದ ಮೀನು ಮಾತ್ರ ತಿನ್ನುತ್ತಿರಲಿಲ್ಲ. ಹಿಡಿಯುತ್ತಿದ್ದ, ಕೊಯ್ದು ತೊಳೆದು ಕೊಡುತ್ತಿದ್ದ, ಬಾಯಿಗೆ ಇಡುತ್ತಿರಲಿಲ್ಲ.

"ನಮ್ಮಮ್ಮನ ಅಡುಗೆಮನೇಲಿ ಓಡಾಡಿದ ಮೀನು ಅದು. ನಂಟರನ್ನ ತಿಂದ ಹಾಗಾಗತ್ತೆ," ಅನ್ನುತ್ತಿದ್ದ.

ಮದುವೆಯಾದ ಹೊಸದರಲ್ಲಿ ನಾನು ನಗುತ್ತಿದ್ದೆ. ಆಮೇಲೆ ಅವನಿಗೆ ಬೇರೆ ಬಾಣಲೆಯಲ್ಲಿ ಆಲೂಗಡ್ಡೆ ಹುರಿಯುವುದು ಅಭ್ಯಾಸವಾಯಿತು.

ಮೊದಲು ಅವನು ಕುರಿಮಂದೆಗಳ ಬಿಡಾರಗಳಿಗೆ ದಿನಸಿ ಹೊರುತ್ತಿದ್ದ. ಆಮೇಲೆ ಕುದುರೆ, ಹೇಸರಗತ್ತೆ ಕಟ್ಟಿಕೊಂಡು ಊರಿನವರನ್ನೂ ಪಟ್ಟಣದವರನ್ನೂ ಮರ್ಡೊಗೆ ಕರೆದೊಯ್ಯುವುದೇ ಕಸುಬಾಯಿತು. ಬೇಸಿಗೆಯಲ್ಲಿ ಟ್ರೌಟ್ ಮೀನು, ಚಳಿಗಾಲದ ಬಾಗಿಲಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ. ನಾನು ದಪ್ಪ ಬಟ್ಟೆಯ ಗುಡಾರದಲ್ಲಿ ತಗಡಿನ ಒಲೆ ಹೂಡಿ ಅಡುಗೆ ಮಾಡುತ್ತಿದ್ದೆ. ನಮಗೆ ಮಕ್ಕಳಿಲ್ಲ. ಅವನಿಗೆ ಮಾತು ಕಮ್ಮಿ. ಕುದುರೆಗಳ ಹತ್ತಿರ ಹೆಚ್ಚು ಮಾತಾಡುತ್ತಿದ್ದ. ಪಟ್ಟಣದವನೊಬ್ಬ ಬೆಳಗಿನಿಂದ ಸಂಜೆವರೆಗೆ ಬಾಯಿ ಮುಚ್ಚದೆ ಹರಟಿ ಕೊನೆಗೆ, "ನೀವೇನೂ ಹೇಳಲಿಲ್ವಲ್ಲ?" ಅಂದ. ವರ್ಲ್, "ಜಾಗ ಸಿಗಲಿಲ್ಲ," ಅಂದ.

ಮರ್ಡೊದ ನಡುವೆ ಎರಡು ಗುಡ್ಡಗಳು ಎದುರುಬದುರು ಬರುತ್ತವೆ. ಅಲ್ಲಿ ನೀರು ಕಿರಿದಾಗುತ್ತದೆ. ನಾವು ಅದನ್ನು ಕುತ್ತಿಗೆ ಅನ್ನುತ್ತೇವೆ. ಕಿರಿದು ಅಂದರೂ ಈ ದಡದಲ್ಲಿ ನಿಂತು ಕೂಗಿದರೆ ಆ ದಡಕ್ಕೆ ಕೇಳದು. ಈಚೆ ದಡಕ್ಕೆ ಗಾಡಿ ದಾರಿ ಇದೆ, ಗುಡಾರ ಹಾಕುವುದು ಇಲ್ಲಿ. ಎಲ್ಕ್ ಇರುವುದು ಆಚೆ ಇಳಿಜಾರಿನಲ್ಲಿ. ನೀರಿದ್ದಾಗ ದೋಣಿ, ನೀರು ಹೆಪ್ಪುಗಟ್ಟಿದ ಮೇಲೆ ಕಾಲ್ನಡಿಗೆ. ದಡ ಸುತ್ತಿಕೊಂಡು ಹೋಗುವ ದಾರಿಯೂ ಇದೆ. ಹಿಮದಲ್ಲಿ ಕುದುರೆಗೆ ಅದು ಇಡೀ ದಿನದ ದಾರಿ.

ಪ್ರತಿ ವರ್ಷ ಮೊದಲು ಕುತ್ತಿಗೆ ದಾಟುತ್ತಿದ್ದವನು ವರ್ಲ್. ಕೈಯಲ್ಲಿ ಹಾರೆ, ಬಗಲಲ್ಲಿ ವಿಲ್ಲೋ ಗಿಡದ ಕೆಂಪು ಕಡ್ಡಿಗಳ ಹೊರೆ. ಹೆಜ್ಜೆ ಹೆಜ್ಜೆಗೂ ಹಾರೆಯಿಂದ ಮಂಜಿನ ಗಡ್ಡೆ ಕುಟ್ಟಿ ಸದ್ದು ಕೇಳುವನು. ಸರಿ ಅನ್ನಿಸಿದ ಕಡೆ ತೂತು ಮಾಡಿ ಕಡ್ಡಿ ನೆಡುವನು. ಆಚೆ ದಡದವರೆಗೂ ಹಾಗೆ ಒಂದು ಸಾಲು. ಆ ಸಾಲು ಹಿಡಿದು ಯಾರು ಬೇಕಾದರೂ ಹೋಗಬಹುದು. ಸಾಲು ಇಲ್ಲದಿದ್ದರೆ ಯಾರೂ ಕಾಲಿಡುವುದಿಲ್ಲ. ದಡದಲ್ಲಿ ಎರಡು ಕಡ್ಡಿ ಅಡ್ಡ ಹಾಕಿದ್ದರೆ ದಾರಿ ಕಟ್ಟಿದೆ ಎಂದು ಅರ್ಥ. ನಮ್ಮ ಕಣಿವೆಯಲ್ಲಿ ಹೆಂಡತಿಯ ಮಾತು ನಂಬದವರೂ ವರ್ಲ್‌ನ ಕಡ್ಡಿ ನಂಬುತ್ತಿದ್ದರು.

ಬೇಟೆಯವರಿಗೆ ಇನ್ನೊಂದು ಕಟ್ಟಳೆ ಇದೆ. ಒಂದು ಈಡು ಕೇಳಿಸಿದರೆ ಯಾರಿಗೋ ಎಲ್ಕ್ ಸಿಕ್ಕಿತು. ಬಿಟ್ಟು ಬಿಟ್ಟು ಮೂರು ಈಡು ಕೇಳಿಸಿದರೆ ಯಾರದೋ ಜೀವಕ್ಕೆ ಬಂದಿದೆ, ಇದ್ದದ್ದು ಇದ್ದ ಹಾಗೆ ಬಿಟ್ಟು ಓಡಿ ಬಾ. ಕೇಳಿಸಿಕೊಂಡವನು ತಿರುಗಿ ಒಂದು ಹಾರಿಸಬೇಕು. ಬಂದೆ ಎಂದು. ಬರಬೇಡ ಎನ್ನುವುದಕ್ಕೆ ಕೋವಿಯಲ್ಲಿ ಮಾತಿಲ್ಲ. ಅದರ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಹೋದ ವರ್ಷ ಚಳಿ ಬೇಗ ಬಂತು, ಹಿಮ ತಡವಾಯಿತು. ನವೆಂಬರ್ ಮೊದಲಲ್ಲೇ ಕುತ್ತಿಗೆ ಗಟ್ಟಿಯಾಯಿತು. ವರ್ಲ್ ಕಡ್ಡಿ ನೆಟ್ಟು ಬಂದ. ಆ ಸಲ ಬಿಡಾರದಲ್ಲಿ ನಾವು ಮೂವರೇ. ನಾನು, ವರ್ಲ್, ನನ್ನ ತಮ್ಮ ಡಿವೇನ್. ಡಿವೇನ್‌ಗೆ ಹೆಂಡತಿ ಬಿಟ್ಟು ಹೋಗಿ ಎಷ್ಟೋ ವರ್ಷವಾಯಿತು. ಚರ್ಚನ್ನು ಅವನೇ ಬಿಟ್ಟ. ನಮ್ಮಲ್ಲಿ ಕಾಫಿ ಕುಡಿಯಬಾರದು, ಅವನು ಮಡಕೆಗಟ್ಟಲೆ ಕುಡಿಯುತ್ತಾನೆ. ನಮ್ಮಮ್ಮ ಸಾಯುವಾಗ ಅವನ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದಳು. ಆಗ ಅವನಿನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಕಲಿತಿರಲಿಲ್ಲ. ನನಗೆ ಇದ್ದ ಮಗು ಅಂದರೆ ಅವನೊಬ್ಬನೇ. ಅದು ವರ್ಲ್‌ಗೂ ಗೊತ್ತಿತ್ತು.

ಡಿವೇನ್ ಆಚೆ ದಡಕ್ಕೆ ಹೊರಟ ದಿನ ಜಾರುಗಾಡಿಗೆ ಸಾಮಾನು ಬಿಗಿಯುತ್ತ ಕೇಳಿದ, "ಭಾವ, ಈ ಕಡ್ಡಿ ಹಿಡ್ಕೊಂಡು ಹೋದ್ರೆ ಸೀದಾ ಸ್ವರ್ಗಕ್ಕೇನಾ?"

"ಕಾಫಿ ಕುಡಿಯೋರನ್ನ ಅಲ್ಲಿ ಬಿಡಲ್ಲ. ಆಚೆ ದಡಕ್ಕೆ ಹೋಗು, ಅಷ್ಟು ಸಾಕು."

"ಅಕ್ಕ, ನಿನ್ನ ಗಂಡ ನಂಗೊಂದು ಒಳ್ಳೆ ಮಾತಾಡ್ಲಿ, ಅವತ್ತೇ ಚರ್ಚಿಗೆ ಬರ್ತೀನಿ."

"ಹಂಗಾದ್ರೆ ಆಡಲ್ಲ. ಚರ್ಚಿನ ಬೆಂಚು ಹಳೇದು," ಅಂದ ವರ್ಲ್.

ಡಿವೇನ್ ನಗುತ್ತ ಹೋದ. ಕಡ್ಡಿಯಿಂದ ಕಡ್ಡಿಗೆ ನಡೆದು ಚಿಕ್ಕದಾಗಿ ಆಚೆ ಮರಗಳಲ್ಲಿ ಮರೆಯಾದ. ಅವನೊಬ್ಬನೇ ಅಲ್ಲಿ ಬಿಡಾರ ಹೂಡಿ ಬೇಟೆಯಾಡುವುದು, ನಾವು ಈಚೆ ಕಾಯುವುದು. ಯಾವತ್ತಿನ ಏರ್ಪಾಡು.

ಕಟ್ಟೆಯ ಮುಖದಲ್ಲಿ ಆ ವರ್ಷ ಸಣ್ಣ ಒಸರು ಕಂಡಿತ್ತು. ಕಡುಚಳಿ ಬೀಳುವ ಮೊದಲು ನೀರು ಇಳಿಸಿ ಅದನ್ನು ಮುಚ್ಚಬೇಕಿತ್ತು. ತೂಬು ಎತ್ತಿ ಇಳಿಸುವ ನೀರಗಂಟಿ ಲವಾರ್ ಪೆಕ್. ನಮ್ಮ ಚರ್ಚಿನವನೇ, ಒಳ್ಳೆಯ ಮನುಷ್ಯ. ವರ್ಲ್ ಮೊದಲೇ ಅವನಿಗೆ ಹೇಳಿದ್ದ, "ನನ್ನ ಬಿಡಾರ ಇಳಿದ ಮೇಲೆ ಎತ್ತು." ಲವಾರ್, "ನೀನು ಇಳಿಯೋವರೆಗೂ ಮುಟ್ಟಲ್ಲ," ಅಂದಿದ್ದ. ಇಬ್ಬರೂ ಕೈ ಕುಲುಕಿದ್ದರು. ನಾನೇ ನೋಡಿದ್ದೇನೆ.

ಬೇರೆ ವರ್ಷಗಳಲ್ಲಿ ನವೆಂಬರಿನಲ್ಲಿ ಒಮ್ಮೆ ಬೆಟ್ಟ ಇಳಿದವರು ಮತ್ತೆ ಹತ್ತುವುದಿಲ್ಲ. ಹಿಮ ಬಿದ್ದು ದಾರಿ ಮುಚ್ಚುತ್ತದೆ. ಆ ವರ್ಷ ದಾರಿ ತೆರೆದಿತ್ತು. ಭಾನುವಾರದ ಪ್ರಾರ್ಥನೆ ಹೇಳಲು ಬಿಷಪ್ಪರು ವರ್ಲ್‌ಗೆ ಮೊದಲೇ ಹೇಳಿಟ್ಟಿದ್ದರು. ಅದಕ್ಕೆ ನಾವಿಬ್ಬರೂ ಬೆಳಿಗ್ಗೆ ಕಣಿವೆಗೆ ಇಳಿದೆವು. ವರ್ಲ್ ಕೋಟು ಹಾಕಿಕೊಂಡು ನಿಂತು ಪ್ರಾರ್ಥನೆ ಹೇಳಿದ. ಲವಾರ್ ನಮ್ಮ ಹಿಂದಿನ ಬೆಂಚಿನಲ್ಲಿದ್ದ. ಮುಗಿದ ಮೇಲೆ ವರ್ಲ್‌ನ ಕೈ ಹಿಡಿದ.

"ಚಳಿ ಜೋರು, ಬ್ರದರ್ ಹ್ಯಾಡ್ಲಕ್."

"ಜೋರು."

ಅಷ್ಟೇ. ಭಾನುವಾರ ಬೇಟೆಯ ಮಾತು ಆಡಬಾರದು, ಕೆಲಸದ ಮಾತೂ ಆಡಬಾರದು. ಹಾಗೆ ಬೆಳೆದವರು ನಾವು. ಲವಾರ್ ಏನೂ ಕೇಳಲಿಲ್ಲ, ವರ್ಲ್ ಏನೂ ಹೇಳಲಿಲ್ಲ. ವರ್ಲ್ ಬೆಂಚಿನ ಮೇಲಿದ್ದಾನೆ ಅಂದರೆ ಬಿಡಾರ ಇಳಿದಿದೆ ಎಂದು ಲವಾರ್ ತಿಳಿದ. ಡಿವೇನ್ ಎಲ್ಲಿ ಎಂದು ಅವನಿಗೆ ಹೊಳೆಯಲಿಲ್ಲ. ಡಿವೇನ್‌ನ ಜಾಗ ಯಾವಾಗಲೂ ಖಾಲಿ. ಯಾವಾಗಲೂ ಖಾಲಿ ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾವು ಅಂದೇ ಮಧ್ಯಾಹ್ನ ಮೇಲೆ ಬಂದೆವು. ಚಳಿ ಏರುತ್ತಿದೆ, ಭಾನುವಾರವಾದರೂ ಕಾಯುವಂತಿಲ್ಲ ಎಂದು, ನಾವು ಹತ್ತುತ್ತಿದ್ದಾಗಲೇ ಲವಾರ್ ಇನ್ನೊಂದು ದಾರಿಯಲ್ಲಿ ಕಟ್ಟೆಗೆ ಹೋಗಿ ತೂಬು ಪೂರ್ತಿ ಎತ್ತಿದ್ದ. ಕಟ್ಟೆ ಇರುವುದು ಗುಡ್ಡದ ಆಚೆ ಮಗ್ಗುಲಿಗೆ. ನೀರಿನ ಸದ್ದು ನಮಗೆ ಕೇಳುವ ಹಾಗಿರಲಿಲ್ಲ.

ಸೋಮವಾರ ಬೆಳಗಿನಿಂದ ಹಿಮ ಸುರಿಯಿತು. ಗಾಳಿ ಇರಲಿಲ್ಲ. ದಡ ಯಾವುದು, ಗಡ್ಡೆ ಯಾವುದು ಗೊತ್ತಾಗದಂತೆ ಎಲ್ಲ ಒಂದೇ ಬಿಳುಪಾಯಿತು. ವರ್ಲ್ ದಡದ ಹತ್ತಿರದ ತೂತಿನಲ್ಲಿ ಗಾಳ ಬಿಟ್ಟು ಕೂತ. ತೂತಿನೊಳಗೆ ಕಪ್ಪು ಮಾತ್ರ ಕಾಣುತ್ತಿತ್ತು. ಒಂದೂ ಕಚ್ಚಲಿಲ್ಲ.

"ನಿನ್ನ ನಂಟರು ಮುನಿಸಿಕೊಂಡಿದ್ದಾರಾ?" ಅಂದೆ.

ಅವನು ನಗಲಿಲ್ಲ. ತಲೆ ಓರೆ ಮಾಡಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದ.

"ನೆಡ್ರಾ, ಗಡ್ಡೆ ಮಾತಾಡಿದ್ದು ನೀನು ಕೇಳಿದ್ಯಾ ಇವತ್ತು?"

ನೀರಿನ ಮೇಲಿನ ಗಡ್ಡೆ ಸುಮ್ಮನಿರುವುದಿಲ್ಲ. ಚಳಿ ಬಿಗಿದರೆ ನರಳುತ್ತದೆ, ಬಿಸಿಲು ಬಂದರೆ ಸಿಡಿಯುತ್ತದೆ. ಕೊಟ್ಟಿಗೆಯಲ್ಲಿ ದನ ಮಗ್ಗುಲು ಬದಲಿಸಿದ ಹಾಗೆ ಅದರ ಸದ್ದು. ನಮಗೆ ಅದು ಕಿವಿಗೆ ಬೀಳುತ್ತಲೇ ಇರುತ್ತದೆ, ಗಮನಕ್ಕೆ ಬರುವುದಿಲ್ಲ. ಅವನು ಹೇಳಿದ ಮೇಲೆ ನಾನೂ ಕಿವಿಗೊಟ್ಟೆ. ಏನೂ ಇಲ್ಲ. ಹಿಮ ಬೀಳುವ ಸದ್ದು ಮಾತ್ರ.

"ಹಿಮ ಹೊದ್ಕೊಂಡು ಮಲಗಿರಬೇಕು," ಅಂದೆ.

"ಇರಬೋದು," ಅಂದ. ಆದರೆ ಗಾಳ ಸುತ್ತಿ ಎದ್ದ. ಸಂಜೆ ಹೆಣ್ಣು ಕುದುರೆಯನ್ನು ನೀರು ಕುಡಿಸಲು ಕರೆದೊಯ್ದಾಗ ಅದು ದಡದ ಅಂಚಿನಲ್ಲಿ ಕಾಲೂರಿ ನಿಂತುಬಿಟ್ಟಿತು. ಎಳೆದರೂ ಬರಲಿಲ್ಲ. ವರ್ಲ್ ಅದಕ್ಕೆ ಬೈಯಲಿಲ್ಲ. ಬಕೆಟ್ಟಿನಲ್ಲಿ ಹಿಮ ಕರಗಿಸಿ ಕೊಟ್ಟ.

ಅದೇ ಸಂಜೆ ಆಚೆ ಇಳಿಜಾರಿನಿಂದ ಒಂದು ಈಡು ಕೇಳಿಸಿತು. ಒಂದೇ.

"ಹೊಡೆದ," ಅಂದ ವರ್ಲ್. ಮುಖ ಸ್ವಲ್ಪ ಸಡಿಲವಾಯಿತು. "ನಾಳೆ ಇಡೀ ಕೊಯ್ದು ತೂಗಹಾಕ್ತಾನೆ. ನಾಡಿದ್ದು ಗಾಡಿ ಎಳ್ಕೊಂಡು ಬರ್ತಾನೆ. ಅಷ್ಟರಲ್ಲಿ ನಾನೊಂದು ಸಲ ಸಾಲು ನೋಡ್ಬೇಕು."

ಮಂಗಳವಾರ ಬೆಳಿಗ್ಗೆ ಹಿಮ ನಿಂತಿತ್ತು. ನಾನು ನೀರಿಗೆ ಹೋದೆ. ತೂತಿನ ಮೇಲೆ ಕವಿದಿದ್ದ ಹಿಮ ಸರಿಸಿ ಹಗ್ಗ ಕಟ್ಟಿದ ಬಕೆಟ್ ಬಿಟ್ಟೆ. ಅದು ನೀರಿಗೆ ಬಡಿಯಲಿಲ್ಲ. ಹಗ್ಗ ಬಿಡುತ್ತ ಹೋದೆ. ಬಕೆಟ್ ಎಲ್ಲೋ ಕೆಳಗೆ ಕಲ್ಲಿಗೆ ತಾಗಿ ಠಣ್ ಎಂದಿತು. ಆ ಸದ್ದು ನನ್ನ ಕಾಲಡಿಯಲ್ಲಿ ದೂರದವರೆಗೆ ಹೋಯಿತು, ಖಾಲಿ ಮನೆಯಲ್ಲಿ ಹೋಗುವ ಹಾಗೆ.

ನಾನು ಹಿಂದೆ ಹಿಂದೆ ಹೆಜ್ಜೆಯಿಟ್ಟು ದಡಕ್ಕೆ ಬಂದೆ. ಆಮೇಲೆ ವರ್ಲ್‌ನನ್ನು ಕೂಗಿದೆ.

ಅವನು ಹಲಗೆ ಹಾಸಿ ಅದರ ಮೇಲೆ ಬೋರಲು ಮಲಗಿ ತೆವಳಿ ಹೋಗಿ ತೂತಿನಲ್ಲಿ ಇಣುಕಿದ. ಬಹಳ ಹೊತ್ತು ನೋಡಿದ. ಎದ್ದು ಬಂದಾಗ ಮೀಸೆಯಲ್ಲಿ ಹಿಮ ಅಂಟಿತ್ತು.

"ಕೆಳಗೆ ನೀರಿಲ್ಲ," ಅಂದ. "ಗಡ್ಡೆ ಹಂಗೇ ನಿಂತಿದೆ, ಸೂರು ನಿಂತ ಹಾಗೆ. ನಮ್ಮ ಹಳೇ ಬೇಲಿ ಕಂಬ ಕಾಣ್ತಿದೆ."

"ಕುತ್ತಿಗೆಯಲ್ಲೂ ಹಂಗೇನಾ?"

"ಅಲ್ಲಿ ಇನ್ನೂ ಕೆಟ್ಟದು. ಎರಡು ಗುಡ್ಡ ಹಿಡ್ಕೊಂಡು ನೇತಾಡ್ತಾ ಇರತ್ತೆ." ಅವನು ಆಚೆ ದಡ ನೋಡಿದ. "ಲವಾರ್ ತೂಬು ಎತ್ತಿದ್ದಾನೆ. ಮುಟ್ಟಲ್ಲ ಅಂದಿದ್ದ."

ಕುತ್ತಿಗೆಯ ಮೇಲೆ ಅವನ ಕಡ್ಡಿಗಳು ಹಾಗೇ ನಿಂತಿದ್ದವು. ಹಿಮದಲ್ಲಿ ಅರ್ಧ ಹೂತಿದ್ದವು, ಕೆಲವು ತುದಿ ಮಾತ್ರ ಕಾಣುತ್ತಿದ್ದವು. ಒಳ್ಳೆಯ ದಾರಿ ಎಂದು ಇನ್ನೂ ಹೇಳುತ್ತಿದ್ದವು.

ನಾನು ಕೋವಿ ತರಲು ಗುಡಾರಕ್ಕೆ ತಿರುಗಿದೆ. ಅವನು ನನ್ನ ತೋಳು ಹಿಡಿದ.

"ಹಾರಿಸ್ಬೇಡ. ಹಾರಿಸಿದ್ರೆ ಬರ್ತಾನೆ."

"ಮತ್ತೇನು ಮಾಡೋದು?"

"ಸಮಯ ಇದೆ. ಅವನು ಬರೋದು ನಾಳೆ. ನಾನು ಈಗಲೇ ಕುದುರೆ ಹತ್ತಿ ದಡ ಸುತ್ತಿ ಹೋಗ್ತೀನಿ. ಸಂಜೆಗೆ ಅವನ ಹತ್ರ ಇರ್ತೀನಿ. ಆ ದಡದಲ್ಲಿ ಕಡ್ಡಿ ಅಡ್ಡ ಹಾಕಿ, ಅವನ ಕಾಫೀನೂ ಕುಡಿದು, ಅವನ ಜೊತೆಗೇ ತಿರುಗಿ ಬರ್ತೀನಿ. ಹೆದರ್ಬೇಡ."

ಅವನು ಜೀನು ಬಿಗಿಯುತ್ತಿದ್ದ. ನಾನು ರೊಟ್ಟಿ ಕಟ್ಟುತ್ತಿದ್ದೆ. ಕೆಳಗಿನ ದಾರಿಯಲ್ಲಿ ಗಾಡಿಯ ಸದ್ದಾಯಿತು. ಲವಾರ್‌ನ ಟ್ರಕ್ಕು. ಚಕ್ರಗಳಿಗೆ ಸರಪಳಿ ಕಟ್ಟಿಕೊಂಡು ಹತ್ತಿ ಬಂದಿದ್ದ. ಸೋಮವಾರ ಸಂಜೆ ನಮ್ಮ ಮನೆ ಮುಂದೆ ಹಾದು ಹೋಗುವಾಗ ದೀಪ ಇಲ್ಲದ್ದು, ಹೊಗೆ ಇಲ್ಲದ್ದು ನೋಡಿದನಂತೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಬೆಳಗಾದ ಕೂಡಲೇ ತೂಬು ಇಳಿಸಿ ಇತ್ತ ಓಡಿ ಬಂದ. ಆದರೆ ಹೋದ ನೀರು ಹೋಗಿತ್ತು.

ಟ್ರಕ್ಕು ಪೂರ್ತಿ ನಿಲ್ಲುವ ಮೊದಲೇ ಇಳಿದ. ಮುಖ ಬೂದಿಯಾಗಿತ್ತು.

"ಸಿಸ್ಟರ್ ಹ್ಯಾಡ್ಲಕ್, ಯಾರಾದ್ರೂ ಆಚೆ ಇದ್ದಾರಾ?"

"ನನ್ನ ತಮ್ಮ ಇದ್ದಾನೆ."

ಅವನು ತಿರುಗಿ ಓಡಿದ. ಟ್ರಕ್ಕಿನ ಕಿಟಕಿಗೆ ಸಿಕ್ಕಿಸಿದ್ದ ಕೋವಿ ಎಳೆದುಕೊಂಡು ಆಕಾಶಕ್ಕೆ ಹಿಡಿದ. ಜೀವಕ್ಕೆ ಬಂದಾಗ ನಮ್ಮವರ ಕೈ ತಾನಾಗಿ ಮಾಡುವ ಕೆಲಸ ಅದು. ಒಂದು. ವರ್ಲ್ ಜೀನು ಬಿಟ್ಟು ಓಡಿ ಬಂದ. ಎರಡು. ವರ್ಲ್ ಕೂಗಿದ. ಮೂರು. ಆಗ ವರ್ಲ್‌ನ ಕೈ ಕೋವಿಯ ಮೇಲೆ ಬಿತ್ತು.

"ಏನ್ ಮಾಡಿದ್ಯೋ, ಪುಣ್ಯಾತ್ಮ!"

"ಎಚ್ಚರಿಸೋಣ ಅಂತ..."

"ಎಚ್ಚರಿಸಲಿಲ್ಲ, ಕರೆದೆ."

ಲವಾರ್ ಕೋವಿ ಕೆಳಗಿಳಿಸಿದ. ಅವನಿಗೆ ಆಗ ಅರ್ಥವಾಯಿತು. ಮೂವರೂ ಆಚೆ ದಡ ನೋಡುತ್ತ ನಿಂತೆವು. ಡಿವೇನ್‌ಗೆ ಕೇಳಿಸದಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ.

ಆಚೆಯಿಂದ ಒಂದು ಈಡು ಬಂತು. ಸ್ಪಷ್ಟವಾಗಿ.

ಬಂದೆ ಎಂದು.

ವರ್ಲ್ ಕುದುರೆಯ ಜೀನು ಬಿಚ್ಚಿದ. ಯಾಕೆ ಬಿಚ್ಚಿದನೋ ಗೊತ್ತಿಲ್ಲ. ಕುದುರೆ ಮೇಲೆ ಜೀನು ಬಿಟ್ಟು ಹೋಗುವವನಲ್ಲ. ಆಮೇಲೆ ಉದ್ದನೆಯ ಗಳ ಒಂದನ್ನು ಎತ್ತಿಕೊಂಡ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ.

"ನಾನು ಹೋಗ್ತೀನಿ, ತಪ್ಪು ನಂದು," ಅಂದ ಲವಾರ್.

"ನಿನ್ನ ನೋಡಿದ್ರೆ ಅವನು ಇನ್ನೂ ಜೋರಾಗಿ ಓಡಿ ಬರ್ತಾನೆ."

"ಇಲ್ಲಿಂದಲೇ ಕೈ ಬೀಸೋಣ," ಅಂದೆ ನಾನು.

"ಬೀಸಿದ್ರೂ ಬಾ ಅಂತಲೇ ತಿಳೀತಾನೆ ಕಣೇ. ಅವನನ್ನ ನಿಲ್ಲಿಸೋದು ಒಂದೇ. ಕಡ್ಡಿ ಕೀಳ್ಬೇಕು. ನಾನು ಕೀಳೋದು ಕಣ್ಣಿಗೆ ಬೀಳ್ಬೇಕು."

"ವರ್ಲ್," ಅಂದೆ. ಬೇಡ ಅಂದರೆ ನನ್ನ ತಮ್ಮ. ಹೋಗು ಅಂದರೆ ಇವನು.

ಅವನು ನನಗೆ ಅದನ್ನು ಹೇಳುವ ಕಷ್ಟ ಕೊಡಲಿಲ್ಲ. "ಆಲೂಗಡ್ಡೆ ಹುರಿದಿಡು," ಅಂದು ಹೊರಟ.

ಮೊದಲ ಕಡ್ಡಿ ಕಿತ್ತ. ಬಗಲಲ್ಲಿ ಇಟ್ಟುಕೊಂಡ. ಎರಡನೆಯದು ಕಿತ್ತ. ಬಿಸಾಡಲಿಲ್ಲ, ಎಲ್ಲ ಕೂಡಿಸಿಕೊಂಡೇ ಹೋದ. ಗಳವನ್ನು ಅಡ್ಡ ಹಿಡಿದಿದ್ದ. ಕಾಲು ಎತ್ತದೆ ಜರುಗಿಸುತ್ತ ನಡೆದ. ಹಗ್ಗದ ಇನ್ನೊಂದು ತುದಿ ಲವಾರ್ ಮತ್ತು ನನ್ನ ಕೈಯಲ್ಲಿತ್ತು. ಅದು ನಮ್ಮ ಬೆರಳ ಸಂದಿಯಲ್ಲಿ ಸರಿದು ಹೋಗುತ್ತಿತ್ತು. ಗಡ್ಡೆ ಒಂದು ಸದ್ದೂ ಮಾಡಲಿಲ್ಲ.

ಹಗ್ಗ ಮುಗಿಯಿತು.

ಅವನು ಕುತ್ತಿಗೆಯ ಅರ್ಧಕ್ಕೂ ಹೋಗಿರಲಿಲ್ಲ. ಹಗ್ಗ ಬಿಗಿದಾಗ ನಿಂತ. ತಿರುಗಿ ನಮ್ಮ ಕಡೆ ನೋಡಿದ. ಲವಾರ್ ಅಳುತ್ತಿದ್ದ. ಆಗ ಆಚೆ ಮರಗಳ ನಡುವಿನಿಂದ ಡಿವೇನ್ ಹೊರಬಿದ್ದ. ಗಾಡಿ ಇಲ್ಲ, ಟೋಪಿ ಇಲ್ಲ, ಕೈಯಲ್ಲಿ ಕೋವಿ. ಓಡುತ್ತಿದ್ದ. ಒಂದೇ ಉಸಿರಿನಲ್ಲಿ ದಡ ಇಳಿದು ಗಡ್ಡೆಗೆ ಕಾಲಿಟ್ಟ.

ವರ್ಲ್ ಸೊಂಟದ ಹಗ್ಗ ಬಿಚ್ಚಿದ. ಅದನ್ನು ಎಸೆಯಲಿಲ್ಲ. ಬಗ್ಗಿ ಹಿಮದ ಮೇಲೆ ಇಟ್ಟ, ತಿರುಗಿ ಬಂದು ಎತ್ತಿಕೊಳ್ಳುವವನ ಹಾಗೆ. ಆಮೇಲೆ ಬೇಗ ಬೇಗ ನಡೆದ. ಕಡ್ಡಿ ಕಿತ್ತ. ಮೇಲೆ ಎತ್ತಿ ತೋರಿಸಿದ. ಇನ್ನೊಂದು ಕಿತ್ತ. ಎತ್ತಿ ತೋರಿಸಿದ.

ಡಿವೇನ್ ನಿಂತ.

ಓಡುವವನು ಗೋಡೆಗೆ ಬಡಿದ ಹಾಗೆ ನಿಂತ. ಹುಟ್ಟಿದಾಗಿನಿಂದ ವರ್ಲ್ ಕಡ್ಡಿ ಕೀಳುವುದನ್ನು ಅವನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ವರ್ಲ್ ಎರಡು ಕಡ್ಡಿ ಅಡ್ಡ ಹಿಡಿದು ತಲೆಯ ಮೇಲೆತ್ತಿದ. ಡಿವೇನ್ ಒಂದೊಂದೇ ಹೆಜ್ಜೆ ಹಿಂದಕ್ಕೆ, ತನ್ನ ಹೆಜ್ಜೆ ಗುರುತಿನ ಮೇಲೇ ಕಾಲಿಡುತ್ತ ಹೋದ. ಅವನ ಬೂಟು ದಡದ ಮಣ್ಣು ಮುಟ್ಟುವವರೆಗೂ ವರ್ಲ್ ಕದಲಲಿಲ್ಲ. ಹೊರಡಬೇಕಿತ್ತು ಆಗಲೇ. ಹೊರಡಲಿಲ್ಲ. ಮುಟ್ಟಿದ್ದು ನೋಡಿದ ಮೇಲೆ ತಿರುಗಿದ.

ಹಗ್ಗ ಇಟ್ಟಿದ್ದ ಜಾಗ ಹತ್ತಿರದಲ್ಲೇ ಇತ್ತು. ಬಗಲಲ್ಲಿ ಕೆಂಪು ಕಡ್ಡಿಗಳ ಹೊರೆ. ಮುಖ ನಮ್ಮ ಕಡೆಗಿತ್ತು. ಕಾಣುವಷ್ಟು ಹತ್ತಿರ ಇರಲಿಲ್ಲ, ಆದರೂ ಮುಖ ನಮ್ಮ ಕಡೆಗಿತ್ತು.

ಗಡ್ಡೆ ಸಿಡಿಯಲಿಲ್ಲ. ಕೊಟ್ಟಿಗೆಯ ಬಾಗಿಲು ಕೀಲು ಕಳಚಿ ಬಿದ್ದ ಹಾಗೆ ಒಂದು ಚೌಕ ಒಟ್ಟಿಗೇ ಕೆಳಗೆ ಹೋಯಿತು. ಅದರ ಜೊತೆಗೆ ವರ್ಲ್. ಗಳವನ್ನು ಅಡ್ಡ ಹಿಡಿದಿದ್ದು ಉಪಯೋಗಕ್ಕೆ ಬರಲಿಲ್ಲ, ತೂತು ಗಳಕ್ಕಿಂತ ದೊಡ್ಡದಾಗಿತ್ತು. ಸದ್ದು ಆಮೇಲೆ ಬಂತು, ಕೆಳಗಿನಿಂದ. ಆಮೇಲೆ ಅಂಚಿನ ಗಡ್ಡೆಗಳು ಒಂದೊಂದಾಗಿ ಅದರ ಮೇಲೆ ಬಿದ್ದವು.

ನಾನು ಓಡಲು ಹೋದೆನಂತೆ. ಲವಾರ್ ನನ್ನ ಮೇಲೆ ಬಿದ್ದು ಹಿಮಕ್ಕೆ ಒತ್ತಿ ಹಿಡಿದನಂತೆ. ನನಗೆ ನೆನಪಿರುವುದು ಅವನ ಕೋಟಿನ ಗುಂಡಿ ನನ್ನ ಕೆನ್ನೆಗೆ ಒತ್ತಿದ್ದು. ಡಿವೇನ್ ದಡ ಸುತ್ತಿ ಬರುವ ಹೊತ್ತಿಗೆ ಕತ್ತಲಾಗಿತ್ತು.

ವರ್ಲ್‌ನನ್ನು ತೆಗೆಯಬೇಕಾದರೆ ಉಳಿದ ನೀರೂ ಹೋಗಬೇಕಿತ್ತು. ಲವಾರ್ ಹೋಗಿ ಅದೇ ತೂಬನ್ನು ಮತ್ತೆ ಎತ್ತಿದ. ಊರಿನ ಗಂಡಸರು ಕೆಳಗಿನಿಂದ ಒಳಗೆ ನಡೆದು ಹೋದರು, ಗಡ್ಡೆಯ ಸೂರಿನಡಿ ತೊಲೆ ಆನಿಸುತ್ತ. ಹಳೆಯ ಬೇಲಿಯ ಹತ್ತಿರ ಸಿಕ್ಕಿದ. ಬೆನ್ನು ಮುರಿದಿತ್ತು. ಕಡ್ಡಿಗಳು ಬಗಲಲ್ಲೇ ಇದ್ದವು.

ಅವನು ತನ್ನ ಮನೆಗೇ ಹೋದ ಎಂದು ಮಣ್ಣಿಗೆ ಬಂದ ಹೆಂಗಸರು ಅಂದರು. ಸಮಾಧಾನಕ್ಕೆ ಅಂದದ್ದು, ನನಗೆ ಗೊತ್ತು. ನನಗೆ ಹಿಡಿಸಲಿಲ್ಲ. ಅವನ ಮನೆ ಕಣಿವೆಯಲ್ಲಿದೆ. ಅದರ ಹಿತ್ತಲ ಬಾಗಿಲು ಅವನೇ ಕೂಡಿಸಿದ್ದು, ಸರಿಯಾಗಿ ಮುಚ್ಚುವುದಿಲ್ಲ. ಅವನು ಬರಬೇಕಾಗಿದ್ದು ಅಲ್ಲಿಗೆ.

ಲವಾರ್ ತೂಬಿನ ಕೆಲಸ ಬಿಟ್ಟ. ಭಾನುವಾರ ಈಗಲೂ ನಮ್ಮ ಹಿಂದಿನ ಬೆಂಚಿನಲ್ಲೇ ಕೂರುತ್ತಾನೆ. ಎದ್ದು ಹೋಗುವಾಗ, "ಏನಾದ್ರೂ ಬೇಕಾ, ಸಿಸ್ಟರ್ ಹ್ಯಾಡ್ಲಕ್?" ಅನ್ನುತ್ತಾನೆ. "ಬೇಡ," ಅನ್ನುತ್ತೇನೆ. ಅವನ ಮೇಲೆ ಸಿಟ್ಟು ಮಾಡಿ ನೋಡಿದೆ. ನಿಲ್ಲಲಿಲ್ಲ. ಕ್ಷಮಿಸಿಯೂ ನೋಡಿದೆ. ಅದೂ ನಿಲ್ಲಲಿಲ್ಲ.

ಆ ಎಲ್ಕ್ ಮಾಂಸವನ್ನು ಡಿವೇನ್ ಸುತ್ತು ದಾರಿಯಲ್ಲಿ ಕುದುರೆ ಮೇಲೆ ಹೇರಿಕೊಂಡು ತಂದು ನನ್ನ ಮನೆಗೆ ಹಾಕಿದ. ಬಿಸಾಡುತ್ತೇನೆ ಎಂದು ತಿಳಿದಿದ್ದನೋ ಏನೋ. ನಾನು ಚಳಿಗಾಲವಿಡೀ ಅದನ್ನೇ ತಿಂದೆ. ಬೇರೆ ಮಾಂಸ ಇರಲಿಲ್ಲ. ರುಚಿಯಾಗಿತ್ತು.

ಅವನು ಪ್ರತಿ ಶನಿವಾರ ಬಂದು ಸೌದೆ ಒಡೆದು ಕೊಡುತ್ತಾನೆ. ನಗುವುದು ಬಿಟ್ಟಿದ್ದಾನೆ. ಬೇಸಿಗೆಯಲ್ಲಿ ಒಂದು ದಿನ ಕೊಡಲಿ ಕೆಳಗಿಟ್ಟು ನನ್ನ ಮುಖ ನೋಡದೆ ಅಂದ, "ಅಕ್ಕ, ಭಾವ ಅಷ್ಟು ದೂರ ಬರ್ಬೇಕಾಗಿರಲಿಲ್ಲ. ದಡದಲ್ಲಿ ನಿಂತು ಕೈ ಬೀಸಿದ್ರೆ ಸಾಕಿತ್ತು. ನಾನು ನಿಲ್ತಿದ್ದೆ."

"ನಿಲ್ತಿದ್ದ್ಯಾ?"

ಅವನು ಕೊಡಲಿ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಇಲ್ಲ," ಅಂದ. "ಮೂರು ಕೇಳಿಸಿತ್ತು. ನಿನಗೇ ಏನೋ ಆಗಿದೆ ಅಂದ್ಕೊಂಡೆ."

"ಅದು ಅವನಿಗೆ ಗೊತ್ತಿತ್ತು. ಸೌದೆ ಒಡಿ."

ಈ ವರ್ಷ ತೂಬು ಇಳಿದಿದೆ. ಒಸರು ಮುಚ್ಚಿದ್ದಾರೆ. ಮರ್ಡೊ ಮತ್ತೆ ತುಂಬಿದೆ. ಅಕ್ಟೋಬರ್ ಕೊನೆಗೇ ಅಂಚು ಬಿಳಿಯಾಯಿತು, ನವೆಂಬರಿಗೆ ಇಡೀ ನೀರು ಹೆಪ್ಪುಗಟ್ಟಿತು. ಕಡ್ಡಿ ಯಾರು ನೆಡುತ್ತಾರೆ ಎಂದು ಜನ ಅಂಗಡಿಯಲ್ಲಿ ಕೇಳಿದರು. ನನ್ನನ್ನಲ್ಲ, ಡಿವೇನ್‌ನನ್ನು. ಅವನು ನನ್ನ ಹತ್ತಿರ ಬಂದ.

"ನೆಡೋದಾ, ಅಕ್ಕ?"

"ನಿನಗೆ ಗಡ್ಡೆಯ ಸದ್ದು ತಿಳಿಯತ್ತಾ?"

"ಭಾವನಷ್ಟು ಇಲ್ಲ."

"ಅವನಿಗೂ ತಿಳೀಲಿಲ್ಲ. ನೆಡ್ಬೇಡ."

"ನೆಡದಿದ್ರೂ ದಾಟ್ತಾರೆ. ಎಲ್ರಿಗೂ ಹಳೇ ಸಾಲು ಕಣ್ಣಲ್ಲಿದೆ. ಇಲ್ಲಿಂದ ಒಂಟಿ ಪೈನ್ ಮರಕ್ಕೆ ನೇರ ಅಂತ."

ಅದು ನಿಜ. ಕಡ್ಡಿ ಕಿತ್ತರೂ ಸಾಲು ಹೋಗಿರಲಿಲ್ಲ. ಮರುದಿನ ನಾವಿಬ್ಬರೂ ಟ್ರಕ್ಕಿನಲ್ಲಿ ಮೇಲೆ ಹೋದೆವು. ಡಿವೇನ್ ಕಂಬ ಹೂಳಿದ, ನಾನು ಕಡ್ಡಿ ಕತ್ತರಿಸಿ ತಂದೆ. ಈಚೆ ದಡದಲ್ಲಿ ಎರಡು ಅಡ್ಡ ಕಟ್ಟಿ ತಂತಿ ಬಿಗಿದೆವು. ಆಚೆ ದಡಕ್ಕೆ ಸುತ್ತು ದಾರಿಯಲ್ಲಿ ಹೋಗಿ ಅಲ್ಲೂ ಕಟ್ಟಿದೆವು. ಅದಕ್ಕೆ ಇಡೀ ದಿನ ಬೇಕಾಯಿತು. ಎಲ್ಕ್ ಬೇಕಾದವರು ಇನ್ನು ಸುತ್ತಿ ಹೋ‌ಗಲಿ.

ಈಚೆಗೆ ಬಂದು ಸಾಮಾನು ಎತ್ತಿಡುವಾಗ ಗಡ್ಡೆ ಒಮ್ಮೆ ನರಳಿತು. ಉದ್ದಕ್ಕೆ, ಈ ತುದಿಯಿಂದ ಆ ತುದಿಯವರೆಗೆ. ಡಿವೇನ್ ಕೈಯಲ್ಲಿದ್ದ ಹಾರೆ ಹಿಡಿದು ನಿಂತು ಕೇಳಿಸಿಕೊಂಡ.

"ಕೆಳಗೆ ನೀರಿದೆ, ಅಕ್ಕ."

"ಇರ್ಲಿ," ಅಂದೆ. "ಗಾಡಿ ಹತ್ತು."